ಅಡುಗೆಮನೆಯ ಅಂಚೆ: ಬ್ರಿಟನ್ ಬಿಟ್ಟ ಮೇಲೆ ಗೋಲ್ಡನ್ ಸಿರಪ್ ಎಲ್ಲಿ ಹುಡುಕುವುದು?

ಬ್ರಿಟನ್ನಿನಲ್ಲಿ ಕೆಲವು ವರ್ಷ ಇದ್ದು, ಅಲ್ಲಿನ ಕೇಕು, ಪುಡಿಂಗು, ಸ್ಕೋನುಗಳ ರುಚಿ ಹತ್ತಿಸಿಕೊಂಡು, ಅನಂತರ ಕೆಲಸದ ನಿಮಿತ್ತ ಬೇರೆ ದೇಶಕ್ಕೆ ಹೋದವರು ಅಥವಾ ಊರಿಗೆ ಮರಳಿದವರು ಬರೆದ ಪತ್ರಗಳು ಈಚೆಗೆ ಸಾಕಷ್ಟು ಬಂದಿವೆ. ಎಲ್ಲರ ತೊಡಕೂ ಹೆಚ್ಚು ಕಡಿಮೆ ಒಂದೇ: ಮಾಡುವ ವಿಧಾನ ಗೊತ್ತಿದೆ, ಕೈಯೂ ಪಳಗಿದೆ, ಆದರೆ ಅಂಗಡಿಯ ಕಪಾಟಿನಲ್ಲಿ ಆ ಹೆಸರಿನ ಪೊಟ್ಟಣವಿಲ್ಲ. ಲೀಡ್ಸ್‌ನಲ್ಲಿ ಒಂಬತ್ತು ವರ್ಷ, ಆಮೇಲೆ ಹ್ಯಾಂಬರ್ಗ್‌ನಲ್ಲಿ ಆರು ವರ್ಷ ಸಂಸಾರ ಹೂಡಿದ್ದ ನನಗೂ ಈ ಪಾಡು ಹೊಸದಲ್ಲ. ಹೆಸರು ಹಿಡಿದು ಹುಡುಕಿದಾಗಲೆಲ್ಲ ನಾನು ಮೋಸಹೋಗಿದ್ದೇನೆ. ಈ ಪದಾರ್ಥ ಹಿಟ್ಟಿನೊಳಗೆ ಏನು ಕೆಲಸ ಮಾಡುತ್ತದೆ ಎಂದು ಮೊದಲು ಕೇಳಿಕೊಂಡಾಗ ಮಾತ್ರ ಸರಿಯಾದ ಪೊಟ್ಟಣ ಕೈಗೆ ಸಿಕ್ಕಿದೆ, ಕೆಲವೊಮ್ಮೆ ಅದು ನಮ್ಮದೇ ಊರಿನ ಭರಣಿಯಲ್ಲಿ ಸಿಕ್ಕಿದೆ. ಆಯ್ದ ಪತ್ರಗಳಿಗೆ ಇಲ್ಲಿ ಉತ್ತರಿಸಿದ್ದೇನೆ.

ಪ್ರಶ್ನೆ: ಲೆಸ್ಟರ್‌ನಲ್ಲಿ ಏಳು ವರ್ಷ ಇದ್ದೆವು. ಅಲ್ಲಿ ಪ್ರತಿ ಭಾನುವಾರ ವಿಕ್ಟೋರಿಯಾ ಸ್ಪಂಜ್ ಕೇಕು ಮಾಡುತ್ತಿದ್ದೆ, ಒಂದು ದಿನವೂ ಕೆಟ್ಟಿರಲಿಲ್ಲ. ಜರ್ಮನಿಗೆ ಬಂದ ಮೇಲೆ, ಬೇಕಿಂಗ್ ಪೌಡರ್ ಬೆರೆಸಿಯೇ ಮಾರುವ ಸೆಲ್ಫ್ ರೈಸಿಂಗ್ ಹಿಟ್ಟು ಸಿಗದೆ ಸಾದಾ ಹಿಟ್ಟಿಗೆ ಬೇಕಿಂಗ್ ಪೌಡರ್ ಬೆರೆಸುತ್ತಿದ್ದೇನೆ. ಪೊಟ್ಟಣದ ಮೇಲೆ ಹೇಳಿದಷ್ಟೇ ಹಾಕಿದರೂ ಕೇಕು ಅರ್ಧಕ್ಕೇ ನಿಲ್ಲುತ್ತದೆ. ಹಿಟ್ಟಿನ ದೋಷವೇ?
(ಮ್ಯೂನಿಕ್‌ನಿಂದ ಓದುಗರೊಬ್ಬರು)

ಉತ್ತರ: ಹಿಟ್ಟು ನಿರಪರಾಧಿ. ನೀವು ಯಾವ ಹಿಟ್ಟು ತಂದಿದ್ದೀರೆಂದು ಬರೆದಿಲ್ಲ, ಆದರೆ ಟೈಪ್ 405 ಎಂದು ಅಚ್ಚಾಗಿರುವ ಗೋಧಿ ಹಿಟ್ಟು ಬ್ರಿಟನ್ನಿನ ಪ್ಲೇನ್ ಫ್ಲೋರಿಗೆ ಬಹಳ ಹತ್ತಿರದ್ದು. ಈ ಅಂಕಿಯನ್ನು ನೋಡಿ ಅನೇಕರು ಗಾಬರಿಯಾಗುತ್ತಾರೆ. ನೂರು ಗ್ರಾಂ ಒಣ ಹಿಟ್ಟನ್ನು ಪೂರ್ತಿ ಸುಟ್ಟಾಗ ಎಷ್ಟು ಮಿಲಿಗ್ರಾಂ ಬೂದಿ, ಅಂದರೆ ಖನಿಜಾಂಶ, ಉಳಿಯುತ್ತದೆ ಎಂಬುದನ್ನು ಅದು ಸೂಚಿಸುತ್ತದೆ. ಅಂಕಿ ಕಡಿಮೆಯಾದಷ್ಟೂ ಹಿಟ್ಟಿನಲ್ಲಿ ತೌಡಿನ ಅಂಶ ಕಡಿಮೆ. 550 ಬ್ರೆಡ್ಡಿಗೆ, ಬನ್ನಿಗೆ ಒಳ್ಳೆಯದು. 1050 ಎಂಬುದನ್ನು ಸ್ಪಂಜಿಗೆ ಹಾಕಿದರೆ ಕೇಕಿನ ಬದಲು ಇಟ್ಟಿಗೆ ಏಳುತ್ತದೆ. ಫ್ರಾನ್ಸಿನಲ್ಲಿ ಇದೇ ಲೆಕ್ಕವನ್ನು ಬೇರೆ ಪ್ರಮಾಣದಲ್ಲಿ ಬರೆಯುತ್ತಾರೆ. ಅಲ್ಲಿ ಟಿ45 ಅಥವಾ ಟಿ55 ಕೊಳ್ಳಬೇಕು.

ನಿಜವಾದ ಕಳ್ಳ ಬೇಕಿಂಗ್ ಪೌಡರಿನ ಪೊಟ್ಟಣ. ಜರ್ಮನಿಯಲ್ಲಿ ಅದು ಸುಮಾರು 16 ಗ್ರಾಮಿನ ಪುಟ್ಟ ಕಾಗದದ ಪೊಟ್ಟಣಗಳಲ್ಲಿ ಬರುತ್ತದೆ, ಮತ್ತು ಒಂದು ಪೊಟ್ಟಣ 500 ಗ್ರಾಂ ಹಿಟ್ಟಿಗೆ ಎಂದು ಬರೆದಿರುತ್ತಾರೆ. ಅಂದರೆ ನೂರು ಗ್ರಾಂ ಹಿಟ್ಟಿಗೆ ಮೂರು ಗ್ರಾಮಿಗಿಂತ ತುಸು ಹೆಚ್ಚು. ಅಲ್ಲಿನ ಮನೆಗಳಲ್ಲಿ ಮಾಡುವ ಕೇಕುಗಳಿಗೆ ಅಷ್ಟು ಸಾಕು. ಆದರೆ ಬ್ರಿಟಿಷ್ ಸ್ಪಂಜಿಗೆ ನೂರು ಗ್ರಾಮಿಗೆ ಐದು ಗ್ರಾಮಿನಷ್ಟು, ಅಂದರೆ ಮಟ್ಟಸವಾಗಿ ತುಂಬಿದ ಒಂದು ಟೀ ಚಮಚಕ್ಕೆ ಸ್ವಲ್ಪ ಮೇಲೆ, ಬೇಕಾಗುತ್ತದೆ. ಮೂರು ಮೊಟ್ಟೆಯ ಸ್ಪಂಜಿಗೆ ಸುಮಾರು 170 ಗ್ರಾಂ ಹಿಟ್ಟು ಹಿಡಿದರೆ ಅರ್ಧ ಪೊಟ್ಟಣ ಹಾಕಬೇಕು. ನೀವು ಪೊಟ್ಟಣದ ಮಾತನ್ನು ನಂಬಿ ಮೂರನೆಯ ಒಂದು ಭಾಗವನ್ನಷ್ಟೇ ಹಾಕಿರುತ್ತೀರಿ. ಹಿಟ್ಟನ್ನೂ ಪೌಡರನ್ನೂ ಎರಡು ಸಲ ಒಟ್ಟಿಗೆ ಜರಡಿ ಹಿಡಿಯಿರಿ, ಇಲ್ಲದಿದ್ದರೆ ಒಂದೆಡೆ ಗುಳ್ಳೆ, ಒಂದೆಡೆ ಗಟ್ಟಿ ಆಗುತ್ತದೆ. ನಾಟ್ರೋನ್ ಎಂದು ಬರೆದ ಪೊಟ್ಟಣ ಬರೀ ಅಡುಗೆ ಸೋಡಾ, ಅದನ್ನು ಇದರ ಬದಲಿಗೆ ತರಬೇಡಿ. ಸ್ಕೋನಿಗೆ ಕ್ರೀಮ್ ಆಫ್ ಟಾರ್ಟರ್ ಬೇಕೆನ್ನುವವರು ವೈನ್‌ಸ್ಟೈನ್ ಎಂಬ ಹೆಸರಿನಲ್ಲಿ ಕೇಳಬೇಕು.

ಮೊಟ್ಟೆಯ ವಿಷಯವನ್ನೂ ಹೇಳಿಬಿಡುತ್ತೇನೆ. ಬ್ರಿಟನ್ನಿನ ಪುಸ್ತಕಗಳಲ್ಲಿ ದೊಡ್ಡ ಮೊಟ್ಟೆ ಎಂದರೆ ಚಿಪ್ಪು ಸಹಿತ 63ರಿಂದ 73 ಗ್ರಾಂ. ಜರ್ಮನಿಯಲ್ಲಿ ಎಲ್ ಎಂದು ಗುರುತು ಮಾಡಿದ್ದು ಇದೇ ತೂಕದ್ದು, ಎಂ ಎಂದಿರುವುದು 53ರಿಂದ 63 ಗ್ರಾಮಿನದು. ಅಮೆರಿಕದ ಲಾರ್ಜ್ ಎಂಬುದು ಸುಮಾರು 57 ಗ್ರಾಂ ಮಾತ್ರ, ನಮ್ಮ ಊರಿನ ಮೊಟ್ಟೆ ಇನ್ನೂ ಚಿಕ್ಕದು. ಆದ್ದರಿಂದ ಹಳಬರ ಕ್ರಮವನ್ನೇ ಹಿಡಿಯುವುದು ಕ್ಷೇಮ: ಮೊಟ್ಟೆಗಳನ್ನು ಚಿಪ್ಪಿನ ಸಮೇತ ತೂಗಿ, ಅಷ್ಟೇ ತೂಕದ ಬೆಣ್ಣೆ, ಸಕ್ಕರೆ, ಹಿಟ್ಟು ತೆಗೆದುಕೊಳ್ಳಿ. ನುಣ್ಣನೆಯ ಕ್ಯಾಸ್ಟರ್ ಸಕ್ಕರೆ ಸಿಗದಿದ್ದರೆ ಸಾದಾ ಸಕ್ಕರೆಯನ್ನು ಮಿಕ್ಸಿಯಲ್ಲಿ ನಾಲ್ಕೈದು ಸಲ ತಿರುಗಿಸಿ ನಿಲ್ಲಿಸಿದರೆ ಸಾಕು. ಪುಡಿಯಾಗುವಷ್ಟು ಅರೆಯಬಾರದು, ಹರಳಿನ ಅಂಚುಗಳು ಬೆಣ್ಣೆಯೊಳಗೆ ಗಾಳಿಯನ್ನು ಕೊರೆದು ತುಂಬಬೇಕು.

ಅಂದ ಹಾಗೆ ಈ ಸೆಲ್ಫ್ ರೈಸಿಂಗ್ ಹಿಟ್ಟು ಬ್ರಿಸ್ಟಲ್‌ನ ಹೆನ್ರಿ ಜೋನ್ಸ್ ಎಂಬ ಬೇಕರಿಯವನ ಸೃಷ್ಟಿ. 1845ರಲ್ಲಿ ಅವನಿಗೆ ಅದರ ಪೇಟೆಂಟ್ ದೊರಕಿತು. ಅಮೆರಿಕದಲ್ಲಿಯೂ ಇದೇ ಹೆಸರಿನ ಹಿಟ್ಟು ಸಿಗುತ್ತದೆಯಾದರೂ ಅದರಲ್ಲಿ ಉಪ್ಪು ಬೆರೆಸಿರುತ್ತಾರೆ. ಅಲ್ಲಿನ ಓದುಗರು ವಿಧಾನದಲ್ಲಿರುವ ಉಪ್ಪನ್ನು ಬಿಟ್ಟುಬಿಡಬೇಕು.

ಪ್ರಶ್ನೆ: ಯಾರ್ಕ್‌ಷೈರಿನ ಪಾರ್ಕಿನ್, ಓಟ್ಸಿನ ಫ್ಲ್ಯಾಪ್‌ಜಾಕ್, ಟ್ರೀಕಲ್ ಟಾರ್ಟ್ ಈ ಮೂರೂ ನಮ್ಮ ಮಕ್ಕಳಿಗೆ ಪ್ರಾಣ. ಇಲ್ಲಿ ಗೋಲ್ಡನ್ ಸಿರಪ್ ಬದಲು ಕಾರ್ನ್ ಸಿರಪ್ ಹಾಕಿದೆ, ಸಪ್ಪೆಯಾಯಿತು. ಟ್ರೀಕಲ್ ಎಂದರೆ ಮೊಲಾಸಸ್, ಅಂದರೆ ಕಾಕಂಬಿ, ಎಂದು ಯಾರೋ ಹೇಳಿದ್ದರಿಂದ ಟಾರ್ಟಿಗೆ ಅದನ್ನು ಸುರಿದೆ, ಬಾಯಿಗಿಡಲಾಗದಷ್ಟು ಕಹಿಯಾಯಿತು. ದಾರಿ ತೋರಿಸಿ.
(ಡಲ್ಲಾಸ್‌ನಿಂದ ಓದುಗರೊಬ್ಬರು)

ಉತ್ತರ: ನೀವು ಬಿದ್ದ ಹಳ್ಳದಲ್ಲಿ ನಾನೂ ಬಿದ್ದಿದ್ದೇನೆ. ಲೀಡ್ಸ್‌ಗೆ ಹೋದ ಮೊದಲ ಚಳಿಗಾಲದಲ್ಲಿ ಟ್ರೀಕಲ್ ಟಾರ್ಟ್ ಮಾಡಲು ಹೊರಟು, ಹೆಸರಿಗೆ ತಕ್ಕಂತೆ ಕರಿಯ ಟ್ರೀಕಲ್ ಡಬ್ಬಿಯನ್ನೇ ಕೊಂಡು ತಂದು, ಬಂದ ಅತಿಥಿಗಳ ಮುಂದೆ ಡಾಂಬರಿನಂಥದ್ದನ್ನು ಇಟ್ಟು ನಾಚಿದ್ದೆ. ಟ್ರೀಕಲ್ ಟಾರ್ಟಿಗೆ ಬೇಕಾದುದು ಗೋಲ್ಡನ್ ಸಿರಪ್, ಬ್ರೆಡ್ಡಿನ ಪುಡಿ, ನಿಂಬೆರಸ. ಕರಿಯ ಟ್ರೀಕಲ್ಲನ್ನು ಕೆಲವರು ಒಂದು ಚಮಚ ಸೇರಿಸುತ್ತಾರೆ, ಅಷ್ಟೇ. ಆ ಪದದ ಚರಿತ್ರೆಯೂ ವಿಚಿತ್ರವಾಗಿದೆ: ಹಾವು ಮೊದಲಾದ ವಿಷಜಂತುಗಳ ಕಡಿತಕ್ಕೆ ಕೊಡುತ್ತಿದ್ದ ಗ್ರೀಕರ ಮದ್ದಿನ ಹೆಸರು ಸವೆದು ಸವೆದು ಟ್ರೀಕಲ್ ಆಗಿ, ಮದ್ದಿಗೆ ಬೆರೆಸುತ್ತಿದ್ದ ಸಿಹಿ ಪಾಕಕ್ಕೆ ಅಂಟಿಕೊಂಡಿತು. ಹೀಗಿರುವಾಗ ಹೆಸರನ್ನು ನಂಬಿ ಕೊಂಡವರು ಮೋಸಹೋಗುವುದು ಸಹಜ.

ಈಗ ಗೋಲ್ಡನ್ ಸಿರಪ್ ಎಂದರೇನು ಎಂಬುದನ್ನು ತಿಳಿದುಕೊಂಡರೆ ಅರ್ಧ ದಾರಿ ಸವೆದಂತೆ. ಏಬ್ರಮ್ ಲೈಲ್ ಎಂಬ ಸ್ಕಾಟ್ಲೆಂಡಿನ ವ್ಯಾಪಾರಿಯ ಕುಟುಂಬ ಪೂರ್ವ ಲಂಡನ್ನಿನ ಪ್ಲೇಸ್ಟೋದಲ್ಲಿ ಸಕ್ಕರೆ ಶುದ್ಧೀಕರಿಸುವ ಕಾರ್ಖಾನೆ ನಡೆಸುತ್ತಿತ್ತು. ಸಕ್ಕರೆಯ ಹರಳು ತೆಗೆದ ಮೇಲೆ ಉಳಿಯುವ ಪಾಕವನ್ನು ಶೋಧಿಸಿ, 1880ರ ದಶಕದಿಂದ ಮಾರತೊಡಗಿದರು. ಹಸಿರು ಮತ್ತು ಹೊಂಬಣ್ಣದ ಆ ಡಬ್ಬಿಯ ಮೇಲೆ ಸತ್ತ ಸಿಂಹವೂ ಅದನ್ನು ಸುತ್ತುವರಿದ ಜೇನ್ನೊಣಗಳೂ ಇರುವ, ಬೈಬಲ್ಲಿನ ಸಂಸೋನನ ಕಥೆಯಿಂದ ಬಂದ ಚಿತ್ರವನ್ನು ನೀವು ನೋಡಿರುತ್ತೀರಿ. ಒಳಗಿರುವುದು ಭಾಗಶಃ ಒಡೆದ ಸಕ್ಕರೆ. ಸಕ್ಕರೆಯ ಪಾಕಕ್ಕೆ ಹುಳಿ ಮತ್ತು ಬಿಸಿ ಎರಡೂ ಸೋಕಿದರೆ ಅದು ಗ್ಲೂಕೋಸ್, ಫ್ರಕ್ಟೋಸ್ ಎಂಬ ಎರಡು ಚಿಕ್ಕ ಸಕ್ಕರೆಗಳಾಗಿ ಒಡೆಯುತ್ತದೆ, ಒಡೆದದ್ದು ಮತ್ತೆ ಹರಳುಗಟ್ಟಲು ಒಪ್ಪುವುದಿಲ್ಲ. ಜಾಮೂನಿನ ಪಾಕ ಹರಳುಗಟ್ಟದಿರಲೆಂದು ನಮ್ಮ ಅಮ್ಮಂದಿರು ನಾಲ್ಕು ಹನಿ ನಿಂಬೆರಸ ಹಿಂಡುತ್ತಿದ್ದುದು ಇದೇ ಕಾರಣಕ್ಕೆ. ಈ ಒಡೆದ ಸಕ್ಕರೆ ತೇವವನ್ನು ಹಿಡಿದಿಡುತ್ತದೆ. ಪಾರ್ಕಿನ್ ನಾಲ್ಕು ದಿನ ಕಳೆದ ಮೇಲೆ ಇನ್ನಷ್ಟು ಮೆತ್ತಗಾಗುವುದು, ಫ್ಲ್ಯಾಪ್‌ಜಾಕ್ ಅಗಿಯಲು ಹದವಾಗಿರುವುದು ಅದರಿಂದಲೇ. ಕಾರ್ನ್ ಸಿರಪ್ ಅಂಟಿಸುವ ಕೆಲಸವನ್ನೇನೋ ಮಾಡುತ್ತದೆ, ಆದರೆ ಅದರಲ್ಲಿ ಸಿಹಿ ಕಡಿಮೆ, ಬೆಂದ ಸಕ್ಕರೆಯ ಪರಿಮಳ ಇಲ್ಲವೇ ಇಲ್ಲ. ಜೇನು ಬೇಗ ಕಪ್ಪಾಗುತ್ತದೆ, ತನ್ನ ರುಚಿಯನ್ನೇ ಮುಂದೆ ಮಾಡುತ್ತದೆ.

ಅಮೆರಿಕದಲ್ಲಿ ವರ್ಲ್ಡ್ ಮಾರ್ಕೆಟ್‌ನಂಥ ಮಳಿಗೆಗಳ ಬ್ರಿಟಿಷ್ ಕಪಾಟಿನಲ್ಲಿ ಲೈಲ್ ಡಬ್ಬಿ ಸಿಗುತ್ತದೆ, ಬೆಲೆ ಮಾತ್ರ ಕಣ್ಣು ಕುಕ್ಕುತ್ತದೆ. ತಿಂಗಳಿಗೊಮ್ಮೆ ಮಾಡುವವರು ಮನೆಯಲ್ಲೇ ಕಾಯಿಸಿಕೊಳ್ಳುವುದು ಒಳ್ಳೆಯದು. ದಪ್ಪ ತಳದ ಪಾತ್ರೆಯಲ್ಲಿ 100 ಗ್ರಾಂ ಸಕ್ಕರೆಗೆ ಮೂರು ಚಮಚ ನೀರು ಹಾಕಿ, ಜೇನಿಗಿಂತ ತುಸು ಗಾಢವಾದ ಬಣ್ಣ ಬರುವವರೆಗೆ ಕಾಯಿಸಿ. ಅದಕ್ಕೆ 300 ಮಿಲಿಲೀಟರ್ ಕುದಿಯುವ ನೀರನ್ನು ದೂರ ನಿಂತು ಸುರಿಯಿರಿ, ಸಿಡಿಯುತ್ತದೆ. ಅನಂತರ 500 ಗ್ರಾಂ ಸಕ್ಕರೆ, ನಿಂಬೆಹಣ್ಣಿನ ಎರಡು ಬಿಲ್ಲೆ ಸೇರಿಸಿ, ಸಕ್ಕರೆ ಕರಗಿದ ಮೇಲೆ ಸೌಟು ಆಡಿಸುವುದನ್ನು ಬಿಟ್ಟು, ಅತಿ ಸಣ್ಣ ಉರಿಯಲ್ಲಿ 40ರಿಂದ 45 ನಿಮಿಷ ಹಾಗೆಯೇ ಇರಲಿ. ಅವಸರ ಮಾಡಿ ಉರಿ ಏರಿಸಿದರೆ ನೀರು ಆರುತ್ತದೆಯೇ ಹೊರತು ಸಕ್ಕರೆ ಒಡೆಯುವುದಿಲ್ಲ, ಮರುದಿನ ಬಾಟಲಿಯಲ್ಲಿ ಕಲ್ಲುಸಕ್ಕರೆ ಸಿಗುತ್ತದೆ. ಬಿಸಿಯಿರುವಾಗ ತೆಳ್ಳಗೆ ಕಂಡರೂ ತಣಿದ ಮೇಲೆ ಗಟ್ಟಿಯಾಗುವುದರಿಂದ ಒಂದೆಳೆ ಪಾಕಕ್ಕೆ ಸ್ವಲ್ಪ ಮೊದಲೇ ಇಳಿಸಬೇಕು.

ಪಾರ್ಕಿನ್ನಿನ ಲೆಕ್ಕ ಬೇರೆ, ಅದಕ್ಕೆ ಕರಿಯ ಟ್ರೀಕಲ್ಲೂ ಬೇಕು. ನವೆಂಬರ್ 5ರ ಬಾನ್‌ಫೈರ್ ರಾತ್ರಿಗೆ ಯಾರ್ಕ್‌ಷೈರ್, ಲ್ಯಾಂಕಾಷೈರುಗಳಲ್ಲಿ ಮಾಡುವ ಈ ಓಟ್ಸ್ ಮತ್ತು ಶುಂಠಿಯ ಕೇಕಿಗೆ ನಿಮ್ಮಲ್ಲಿ ಸಿಗುವ ಸಾದಾ ಮೊಲಾಸಸ್ ಸಾಕು. ಬ್ಲ್ಯಾಕ್‌ಸ್ಟ್ರ್ಯಾಪ್ ಎಂದು ಬರೆದದ್ದನ್ನು ಮಾತ್ರ ಮುಟ್ಟಬೇಡಿ, ನಿಮ್ಮ ಟಾರ್ಟನ್ನು ಕಹಿ ಮಾಡಿದ್ದು ಬಹುಶಃ ಅದೇ. ಜರ್ಮನಿಯಲ್ಲಿರುವವರು ಸಕ್ಕರೆ ಬೀಟಿನ ಕರಿಯ ಪಾಕವನ್ನೂ, ಸ್ವೀಡನ್, ಡೆನ್ಮಾರ್ಕುಗಳಲ್ಲಿರುವವರು ಅಲ್ಲಿನ ತಿಳಿ ಸಿರಪ್ ಮತ್ತು ಕಪ್ಪು ಸಿರಪ್ಪುಗಳನ್ನೂ ಧೈರ್ಯವಾಗಿ ಬಳಸಬಹುದು. ಇನ್ನು ಊರಿನಿಂದ ಯಾರಾದರೂ ಬರುವವರಿದ್ದರೆ ಶಿರಸಿ ಕಡೆಯ ಜೋನಿ ಬೆಲ್ಲವನ್ನು ತರಿಸಿಕೊಳ್ಳಿ. ತೆಳ್ಳವಿಗೆ, ಅಂದರೆ ತೆಳು ದೋಸೆಗೆ, ಸುರಿದುಕೊಂಡು ತಿನ್ನುವ ಆ ಬೆಲ್ಲ ಗೋಲ್ಡನ್ ಸಿರಪ್ಪಿಗೂ ಟ್ರೀಕಲ್ಲಿಗೂ ನಡುವಿನದು. ನಾನು ಪಾರ್ಕಿನ್ನಿಗೆ ಎರಡರ ಬದಲಿಗೂ ಅದೊಂದನ್ನೇ ಹಾಕುತ್ತೇನೆ, ಮತ್ತು ಹಾಗೆ ಮಾಡಿದ್ದೇ ಹೆಚ್ಚು ರುಚಿ ಎಂದು ನನ್ನ ಯಾರ್ಕ್‌ಷೈರಿನ ನೆರೆಯಾಕೆ ಒಮ್ಮೆ, ಬಹಳ ಒಲ್ಲದ ಮನಸ್ಸಿನಿಂದ, ಒಪ್ಪಿಕೊಂಡಿದ್ದರು. ಆದರೆ ಟ್ರೀಕಲ್ ಟಾರ್ಟಿಗೆ ಜೋನಿ ಬೆಲ್ಲ ಹಾಕಬೇಡಿ. ಕಾಯಿ ಇಲ್ಲದ ಹೂರಣದಂತೆ ಆಗುತ್ತದೆ.

ಪ್ರಶ್ನೆ: ನಾವು ಸಸ್ಯಾಹಾರಿಗಳು. ಹಿಂದೆ ಬರ್ಮಿಂಗ್‌ಹ್ಯಾಮ್‌ನಲ್ಲಿ ಗೆಳತಿಯರ ಮನೆಯ ಕ್ರಿಸ್ಮಸ್ ಪುಡಿಂಗನ್ನು ತಿಳಿಯದೆ ತಿಂದು, ಅದರಲ್ಲಿ ಸೂಯೆಟ್ ಇರುತ್ತದೆಂದು ಆಮೇಲೆ ಗೊತ್ತಾಗಿ ಬೇಸರವಾಯಿತು. ಈಗ ಮನೆಯಲ್ಲೇ ಮಾಡಬೇಕೆಂದಿದ್ದೇವೆ. ಸೂಯೆಟ್ಟಿನ ಬದಲು ತೆಂಗಿನೆಣ್ಣೆ ಆಗುತ್ತದೆಯೇ? ಮೊಟ್ಟೆ ತಿನ್ನದ ಅತ್ತೆಯವರಿಗಾಗಿ ಕೇಕು, ಹಣ್ಣು, ಜೆಲ್ಲಿ, ಕಸ್ಟರ್ಡುಗಳನ್ನು ಪದರವಾಗಿ ಜೋಡಿಸುವ ಟ್ರೈಫಲ್ ಮಾಡಬಹುದೇ?
(ದುಬೈಯಿಂದ ಓದುಗರೊಬ್ಬರು)

ಉತ್ತರ: ಸೂಯೆಟ್ ಎಂದರೆ ದನದ ಅಥವಾ ಕುರಿಯ ಮೂತ್ರಪಿಂಡದ ಸುತ್ತ ಇರುವ ಗಟ್ಟಿ ಕೊಬ್ಬು. ಅದನ್ನು ಸಣ್ಣ ಚೂರು ಮಾಡಿ ಪೊಟ್ಟಣದಲ್ಲಿ ಮಾರುವ ಅಟೋರಾ ಎಂಬ ಹೆಸರು 1893ರಲ್ಲಿ ಮ್ಯಾಂಚೆಸ್ಟರ್‌ನಲ್ಲಿ ಹುಟ್ಟಿತು. ಅದೇ ಹೆಸರಿನಲ್ಲಿ ತಾಳೆ ಎಣ್ಣೆಯಿಂದ ಮಾಡಿದ ಸಸ್ಯಜನ್ಯ ಪೊಟ್ಟಣವೂ ಬರುತ್ತದೆ. ಎರಡೂ ಪಕ್ಕಪಕ್ಕದಲ್ಲೇ ಇರುವುದರಿಂದ ಹೆಸರನ್ನಲ್ಲ, ಪದಾರ್ಥಗಳ ಸಾಲನ್ನು ಓದಿ ಕೊಳ್ಳಬೇಕು. ನಿಮ್ಮಲ್ಲಿ ವೇಟ್ರೋಸ್, ಸ್ಪಿನ್ನೀಸ್ ಅಂಗಡಿಗಳಿರುವುದರಿಂದ ನವೆಂಬರಿನಲ್ಲೇ ಹೋಗಿ ನೋಡಿ, ಡಿಸೆಂಬರಿನ ಎರಡನೆಯ ವಾರಕ್ಕೆ ಇಂಥ ಕಪಾಟುಗಳು ಖಾಲಿಯಾಗಿರುತ್ತವೆ. ಕ್ರಿಸ್ಮಸ್ ಪೈಗಳಿಗೆ ತುಂಬುವ ಒಣಹಣ್ಣಿನ ಹೂರಣವಾದ ಮಿನ್ಸ್‌ಮೀಟ್ ಡಬ್ಬಿಯ ಬಗ್ಗೆಯೂ ಇದೇ ಎಚ್ಚರ ಇರಲಿ: ಹೆಸರಿನಲ್ಲಿರುವ ಮಾಂಸ ಈಗ ಅದರೊಳಗಿಲ್ಲ, ಆದರೆ ಸೂಯೆಟ್ ಇರಬಹುದು.

ತೆಂಗಿನೆಣ್ಣೆ ಆಗುವುದಿಲ್ಲ. ಪುಡಿಂಗು ಹಬೆಯಲ್ಲಿ ಬೇಯುವಾಗ ಸೂಯೆಟ್ ಸುಮಾರು 45ರಿಂದ 50 ಡಿಗ್ರಿಯವರೆಗೂ ಗಟ್ಟಿಯಾಗಿಯೇ ಇರುತ್ತದೆ. ಅಷ್ಟರಲ್ಲಿ ಸುತ್ತಲಿನ ಹಿಟ್ಟು ಬಿಸಿಯೇರಿ ಬಿಗಿಯಾಗತೊಡಗುತ್ತದೆ, ಆಮೇಲೆ ಕೊಬ್ಬು ಕರಗಿದ ಜಾಗದಲ್ಲಿ ಪುಟ್ಟ ಪೊಳ್ಳುಗಳು ಉಳಿದು ಪುಡಿಂಗು ಹಗುರವಾಗುತ್ತದೆ. ತೆಂಗಿನೆಣ್ಣೆ 24 ಡಿಗ್ರಿಗೇ ಕರಗುವುದರಿಂದ ದುಬೈಯ ಅಡುಗೆಮನೆಯಲ್ಲಿ ಕಲಸುವ ಮೊದಲೇ ನೀರಾಗಿರುತ್ತದೆ. ಸಸ್ಯಜನ್ಯ ಸೂಯೆಟ್ ಸಿಗದಿದ್ದರೆ ವನಸ್ಪತಿಯನ್ನೋ ಬೆಣ್ಣೆಯನ್ನೋ ಫ್ರೀಜರಿನಲ್ಲಿ ಕಲ್ಲಿನಂತೆ ಮಾಡಿ, ಸ್ವಲ್ಪ ಹಿಟ್ಟು ಹಚ್ಚಿಕೊಂಡು ಕಾಯಿತುರಿಯುವಂತೆ ತುರಿದು, ತುರಿದದ್ದನ್ನು ಮತ್ತೆ ಅರ್ಧ ಗಂಟೆ ಫ್ರೀಜರಿನಲ್ಲಿಟ್ಟು, ಕೊನೆಯಲ್ಲಿ ಕೈ ತಾಗಿಸದೆ ಚಮಚದಿಂದ ಬೆರೆಸಿ. ಬೆಣ್ಣೆಯ ಪುಡಿಂಗು ತುಸು ಭಾರವಾದರೂ ರುಚಿಯಲ್ಲಿ ಸೂಯೆಟ್ಟಿನದಕ್ಕಿಂತ ಮೇಲೆಂದೇ ನನ್ನ ಎಣಿಕೆ. ಬ್ರಾಂದಿ ಬೇಡವೆನ್ನುವವರು ಒಣಹಣ್ಣುಗಳನ್ನು ಕಡಕ್ ಚಹಾ ಮತ್ತು ಕಿತ್ತಳೆ ರಸದಲ್ಲಿ ಒಂದು ರಾತ್ರಿ ನೆನೆಸಬಹುದು. ಆದರೆ ಅಂಥ ಪುಡಿಂಗು ತಿಂಗಳುಗಟ್ಟಲೆ ಉಳಿಯುವುದಿಲ್ಲ, ಫ್ರಿಜ್ಜಿನಲ್ಲಿಟ್ಟು ವಾರದೊಳಗೆ ಮುಗಿಸಿ.

ಟ್ರೈಫಲ್ ವಿಷಯದಲ್ಲಿ ನಿಮ್ಮ ಅತ್ತೆಯವರು ಬ್ರಿಟಿಷರಿಗೇ ಹತ್ತಿರದವರು. ಬರ್ಡ್ಸ್ ಕಸ್ಟರ್ಡ್ ಪೌಡರನ್ನು ಬರ್ಮಿಂಗ್‌ಹ್ಯಾಮಿನ ಆಲ್ಫ್ರೆಡ್ ಬರ್ಡ್ 1837ರಲ್ಲಿ ಕಂಡುಹಿಡಿದದ್ದೇ ಮೊಟ್ಟೆ ಒಗ್ಗದ ತನ್ನ ಹೆಂಡತಿಗಾಗಿ. ಅದು ಮೆಕ್ಕೆಜೋಳದ ಪಿಷ್ಟ, ಬಣ್ಣ, ಪರಿಮಳ, ಅಷ್ಟೇ. ಊರಿನ ಯಾವುದೇ ಕಿರಾಣಿ ಅಂಗಡಿಯಲ್ಲಿ ಸಿಗುವ ವೀಕ್‌ಫೀಲ್ಡ್ ಅಥವಾ ಬ್ರೌನ್ ಆಂಡ್ ಪೋಲ್ಸನ್ ಪೊಟ್ಟಣವೂ ಇದೇ ವಂಶದ್ದು. ಇದಕ್ಕಾಗಿ ಆಮದು ಡಬ್ಬಿಗೆ ಹಣ ಸುರಿಯುವುದು ದಂಡ. ಜೆಲ್ಲಿಯಲ್ಲಿ ಮಾತ್ರ ಜೆಲಟಿನ್ ಇರುತ್ತದೆ, ಅಗರ್ ಅಗರ್ ಬಳಸಿ.

ಪ್ರಶ್ನೆ: ಎಡಿನ್‌ಬರಾದಿಂದ ಮರಳಿ ಎರಡು ವರ್ಷವಾಯಿತು. ಕ್ರಿಸ್ಮಸ್ ಕೇಕಿಗೆ ಬೇಕಾದ ಕರಂಟ್, ಸುಲ್ತಾನಾ, ಮಿಕ್ಸ್‌ಡ್ ಪೀಲ್, ಚೆರ್ರಿ, ಮಿಕ್ಸ್‌ಡ್ ಸ್ಪೈಸ್ ಎಲ್ಲವನ್ನೂ ಇಲ್ಲಿ ಕೊಂಡೆ. ಕೇಕು ಚೆನ್ನಾಗಿಯೇ ಬಂತು, ಆದರೆ ಅದು ಬೇಕರಿಯ ಪ್ಲಮ್ ಕೇಕಿನ ರುಚಿ, ಅಲ್ಲಿನದಲ್ಲ. ಎಲ್ಲಿ ತಪ್ಪಿತು?
(ಬೆಂಗಳೂರಿನ ಜಯನಗರದಿಂದ ಓದುಗರೊಬ್ಬರು)

ಉತ್ತರ: ಪೀಲ್ ಎಂದು ನೀವು ಕೊಂಡದ್ದು ಬಣ್ಣಬಣ್ಣದ ಟೂಟಿ ಫ್ರೂಟಿ ಆಗಿದ್ದರೆ ಅದು ಪರಂಗಿಕಾಯಿ. ಚೆರ್ರಿ ಎಂದು ಕೊಟ್ಟದ್ದು ಬಹುಶಃ ಕೆಂಪು ಬಣ್ಣ ಕುಡಿಸಿ ಸಕ್ಕರೆಯಲ್ಲಿ ಅದ್ದಿದ ಕವಳಿಕಾಯಿ. ಎರಡೂ ತಿನ್ನಲು ಕೆಟ್ಟವಲ್ಲ, ಆದರೆ ಎರಡರಲ್ಲೂ ಸಿಹಿಯ ಹೊರತು ಬೇರೆ ರುಚಿಯಿಲ್ಲ. ಬ್ರಿಟಿಷ್ ಹಣ್ಣಿನ ಕೇಕಿನಲ್ಲಿ ಸಿಹಿಯ ಅಡಿಯಲ್ಲಿ ಹರಿಯುವ ಸಣ್ಣ ಕಹಿ ನಾರಂಗಿ ಜಾತಿಯ ಸಿಪ್ಪೆಯದು, ಅದು ನಿಮ್ಮ ಕೇಕಿನಲ್ಲಿ ಇರಲಿಲ್ಲ.

ಇದಕ್ಕೆ ನಮ್ಮಲ್ಲೇ ಒಳ್ಳೆಯ ಮದ್ದಿದೆ. ಮಿಕ್ಸ್‌ಡ್ ಪೀಲ್‌ನಲ್ಲಿ ಕಿತ್ತಳೆಯ ಜೊತೆ ಸೇರುವ ಇನ್ನೊಂದು ಸಿಪ್ಪೆ ಸಿಟ್ರನ್ ಹಣ್ಣಿನದು, ಸಿಟ್ರನ್ ಎಂದರೆ ನಮ್ಮ ಮಾದಳ. ತಿರುಳಿಗಿಂತ ಸಿಪ್ಪೆಯೇ ಹೆಚ್ಚಿರುವ ಈ ಹಣ್ಣನ್ನು ನಾವು ಉಪ್ಪಿನಕಾಯಿಗೆ ಹಾಕಿ ಮುಗಿಸುತ್ತೇವೆ. ಮಾದಳದ ದಪ್ಪ ಸಿಪ್ಪೆಯನ್ನೂ ದಪ್ಪ ತೊಗಟೆಯ ಕಿತ್ತಳೆಯ ಸಿಪ್ಪೆಯನ್ನೂ ಮೂರು ಸಲ ನೀರು ಬದಲಿಸಿ ಹತ್ತು ಹತ್ತು ನಿಮಿಷ ಕುದಿಸಿ ಬಸಿಯಿರಿ, ಒಗರು ಕಹಿ ಹೋಗಿ ಹಿತವಾದ ಕಹಿ ಉಳಿಯುತ್ತದೆ. ಅನಂತರ ಸಿಪ್ಪೆಯಷ್ಟೇ ತೂಕದ ಸಕ್ಕರೆ, ಮುಳುಗುವಷ್ಟು ನೀರು ಹಾಕಿ ಸಣ್ಣ ಉರಿಯಲ್ಲಿ ಸಿಪ್ಪೆ ಗಾಜಿನಂತೆ ಪಾರದರ್ಶಕವಾಗುವವರೆಗೆ ಬೇಯಿಸಿ, ತಟ್ಟೆಯಲ್ಲಿ ಎರಡು ದಿನ ಆರಲು ಬಿಡಿ. ಕೊಡಗಿನ ಕಿತ್ತಳೆ ತಿನ್ನಲು ಎಷ್ಟು ಸೊಗಸಾದರೂ ಅದರ ತೆಳು ಸಿಪ್ಪೆ ಪಾಕದಲ್ಲಿ ಸುರುಟಿ ಹೋಗುತ್ತದೆ, ಇದಕ್ಕೆ ಅದು ಬೇಡ.

ಕರಂಟ್ ಎಂಬುದು ಗ್ರೀಸಿನ ಕೊರಿಂಥ್ ಪಟ್ಟಣದ ಹೆಸರನ್ನು ಹೊತ್ತ, ಬೀಜವಿಲ್ಲದ ಅತಿ ಪುಟ್ಟ ಕಪ್ಪು ಒಣದ್ರಾಕ್ಷಿ. ಜರ್ಮನಿಯಲ್ಲಿ ಕೊರಿಂಥನ್ ಎಂದೂ ಅಮೆರಿಕದಲ್ಲಿ ಜಾಂಟೆ ಕರಂಟ್ ಎಂದೂ ಕೇಳಬೇಕು. ಬೆಂಗಳೂರಿನಲ್ಲಿ ಸಿಗುವ ಕಪ್ಪು ಒಣದ್ರಾಕ್ಷಿ ದಪ್ಪನೆಯದು, ಹಲವು ಸಲ ಬೀಜವಿರುವುದು. ಬೀಜವಿಲ್ಲದ್ದನ್ನು ಆರಿಸಿ ಎರಡು ಮೂರು ಹೋಳು ಮಾಡಿದರೆ ಕೇಕಿಗೆ ಸರಿಹೋಗುತ್ತದೆ, ಎಕಲ್ಸ್ ಕೇಕಿಗೆ ಮಾತ್ರ ಸರಿಯಾಗದು, ಅಲ್ಲಿ ಕರಂಟೇ ಯಜಮಾನ. ಸುಲ್ತಾನಾಕ್ಕೆ ನಮ್ಮ ವಿಜಯಪುರದ ಒಣದ್ರಾಕ್ಷಿ ಯಾವ ಸಂಕೋಚವೂ ಇಲ್ಲದೆ ನಿಲ್ಲುತ್ತದೆ.

ಮಿಕ್ಸ್‌ಡ್ ಸ್ಪೈಸನ್ನೂ ಆಲ್‌ಸ್ಪೈಸನ್ನೂ ಒಂದೆಂದು ತಿಳಿಯುವವರೇ ಹೆಚ್ಚು. ಆಲ್‌ಸ್ಪೈಸ್ ಎಂಬುದು ಜಮೈಕಾ ಕಡೆಯ ಒಂದು ಮರದ ಕಾಯಿ. ಮಿಕ್ಸ್‌ಡ್ ಸ್ಪೈಸ್ ಹಲವು ಪುಡಿಗಳ ಬೆರಕೆ. ನನ್ನ ಅಳತೆ ಹೀಗಿದೆ: ದಾಲ್ಚಿನ್ನಿ ಪುಡಿ ಮೂರು ಟೀ ಚಮಚ, ಕೊತ್ತಂಬರಿ ಬೀಜದ ಪುಡಿ ಒಂದು, ಜಾಯಿಕಾಯಿ ಒಂದು, ಒಣಶುಂಠಿ ಅರ್ಧ, ಆಲ್‌ಸ್ಪೈಸ್ ಅರ್ಧ, ಲವಂಗ ಕಾಲು. ಕೇಕಿಗೆ ಕೊತ್ತಂಬರಿಯೇ ಎಂದು ಹುಬ್ಬೇರಿಸಬೇಡಿ, ಬ್ರಿಟಿಷ್ ಪೊಟ್ಟಣದ ಹಿಂಬದಿಯಲ್ಲಿ ಅದು ಸಾಮಾನ್ಯವಾಗಿ ಇದ್ದೇ ಇರುತ್ತದೆ. ಸಾರಿನ ಪುಡಿಗೆ ಹುರಿದಂತೆ ಹುರಿಯದೆ ಹಸಿಯಾಗಿ ಪುಡಿ ಮಾಡಿದರೆ ನಿಂಬೆ ಸಿಪ್ಪೆಯಂಥ ಪರಿಮಳ ಕೊಡುತ್ತದೆ. ಏಲಕ್ಕಿಯನ್ನು ಸೇರಿಸುವ ಚಪಲ ಬರುತ್ತದೆ, ತಡೆದುಕೊಳ್ಳಿ. ಏಲಕ್ಕಿ ಬಿದ್ದ ಕೂಡಲೇ ಕೇಕು ಜಯನಗರಕ್ಕೆ ವಾಪಸು ಬಂದುಬಿಡುತ್ತದೆ.

ಪ್ರಶ್ನೆ: ಲಂಡನ್ನಿನಲ್ಲಿರುವ ತಂಗಿ ಪ್ರೀತಿಯಿಂದ ಕಳಿಸಿದ ಪಾರ್ಸೆಲನ್ನು ಇಲ್ಲಿನ ಸುಂಕದವರು ತಡೆದರು. ಯಾವುದನ್ನು ತರಿಸಬಹುದು? ಹಣ್ಣಿನ ಮೇಲೆ ಬೆಣ್ಣೆ ಹಿಟ್ಟಿನ ಪುಡಿ ಉದುರಿಸಿ ಬೇಯಿಸುವ ಕ್ರಂಬಲ್‌ಗೆ ಬೇಕಾದ ಬ್ರ್ಯಾಮ್ಲಿ ಸೇಬು ಕೂಡ ಇಲ್ಲಿ ಕಾಣುವುದಿಲ್ಲ.
(ನೆದರ್ಲೆಂಡ್ಸ್‌ನ ಐಂಡ್‌ಹೋವನ್‌ನಿಂದ ಓದುಗರೊಬ್ಬರು)

ಉತ್ತರ: 2021ರ ಜನವರಿಯಿಂದ ಸುಂಕದ ಲೆಕ್ಕದಲ್ಲಿ ಗ್ರೇಟ್ ಬ್ರಿಟನ್ ಯುರೋಪಿನ ಒಕ್ಕೂಟಕ್ಕೆ ಹೊರಗಿನ ದೇಶ. ಅಲ್ಲಿಂದ ಮಾಂಸ ಮತ್ತು ಹಾಲಿನ ಉತ್ಪನ್ನಗಳನ್ನು ಚೀಲದಲ್ಲಿ ತರುವಂತಿಲ್ಲ, ಅಂಚೆಯಲ್ಲಿ ಕಳಿಸುವಂತಿಲ್ಲ. ಹಾಗಾಗಿ ದನದ ಸೂಯೆಟ್, ಕ್ಲಾಟೆಡ್ ಕ್ರೀಮ್ ಎಂಬ ಗಟ್ಟಿ ಕೆನೆ, ಚೀಸ್ ಆಸೆ ಬಿಡಿ. ನೀರು ಬೆರೆಸಿದರೆ ಸಾಕೆನ್ನುವ ದಿಢೀರ್ ಕಸ್ಟರ್ಡಿನಲ್ಲಿ ಹಾಲಿನ ಪುಡಿ ಇರುತ್ತದೆ, ಅದರ ಬದಲು ಹಳೆಯ ಬಗೆಯ ಪೌಡರನ್ನೇ ಕಳಿಸಲು ಹೇಳಿ. ಸಿರಪ್, ಟ್ರೀಕಲ್, ಮಸಾಲೆ ಪುಡಿ ಇವುಗಳಿಗೆ ಆ ತಕರಾರಿಲ್ಲ. ಮನೆಯವರು ಮನೆಯವರಿಗೆ ಕಳಿಸುವ ಉಡುಗೊರೆಯ ಬೆಲೆ 45 ಯೂರೋ ಒಳಗಿದ್ದರೆ ಸುಂಕವೂ ಮೌಲ್ಯವರ್ಧಿತ ತೆರಿಗೆಯೂ ಬೀಳುವುದಿಲ್ಲ, ಆದರೆ ಒಳಗೇನಿದೆ, ಬೆಲೆ ಎಷ್ಟು ಎಂಬುದನ್ನು ಹೊರಗಿನ ಚೀಟಿಯಲ್ಲಿ ಬಿಡಿಬಿಡಿಯಾಗಿ ಬರೆದಿರಬೇಕು. ಬರೀ ತಿಂಡಿ ಎಂದು ಬರೆದ ಪಾರ್ಸೆಲ್ ಅನುಮಾನಕ್ಕೆ ಗುರಿಯಾಗುತ್ತದೆ. ವಿಮಾನದಲ್ಲಿ ತರುವುದಾದರೆ 454 ಗ್ರಾಮಿನ ಸಿರಪ್ ಡಬ್ಬಿ ದ್ರವದ ಲೆಕ್ಕಕ್ಕೆ ಸೇರುತ್ತದೆ, ಕೈಚೀಲದಲ್ಲಿ ಇಟ್ಟುಕೊಂಡು ಭದ್ರತೆಯವರೊಡನೆ ವಾದಿಸಬೇಡಿ. ತರಿಸುವ ಮುನ್ನ ಊರಿನ ಭಾರತೀಯ ಅಥವಾ ಶ್ರೀಲಂಕಾದವರ ಅಂಗಡಿಯಲ್ಲೊಮ್ಮೆ ವಿಚಾರಿಸಿ. ಅಂಥ ಅಂಗಡಿಗಳಲ್ಲಿ ಅಕ್ಕಿ ಮೂಟೆಗಳ ಹಿಂದೆ ಕಸ್ಟರ್ಡ್ ಪೌಡರಿನ ಡಬ್ಬಿ ನನಗೆ ಎಷ್ಟೋ ಸಲ ಸಿಕ್ಕಿದೆ.

ಬ್ರ್ಯಾಮ್ಲಿ ನಾಟಿಂಗ್‌ಹ್ಯಾಮ್‌ಷೈರಿನ ಸೌತ್‌ವೆಲ್‌ನಲ್ಲಿ 1809ರಲ್ಲಿ ಹುಡುಗಿಯೊಬ್ಬಳು ನೆಟ್ಟ ಬೀಜದಿಂದ ಬಂದ ಹುಳಿ ಸೇಬು. ಬೆಂದರೆ ಹತ್ತಿಯಂತೆ ಅರಳಿ ಕರಗುವುದು ಅದರ ಗುಣ. ಗ್ರ್ಯಾನಿ ಸ್ಮಿತ್ ಹುಳಿಯಾದರೂ ಕರಗುವುದಿಲ್ಲ, ಹೋಳಾಗಿಯೇ ಉಳಿಯುತ್ತದೆ. ನಿಮ್ಮ ಸಂತೆಯಲ್ಲೇ ಆಪಲ್‌ಟಾರ್ಟಿಗೆಂದು ಮಾರುವ ಖೌಡ್ರೆನೆಟ್ ಸೇಬನ್ನು ತನ್ನಿ. ಜರ್ಮನಿಯವರು ಬೊಸ್ಕೋಪ್ ಎನ್ನುವುದು ಅದನ್ನೇ. ಇದಕ್ಕೆ ಲಂಡನ್ನಿನ ಹಂಗು ಬೇಕಿಲ್ಲ.

ಪ್ರಶ್ನೆ: ನಮ್ಮ ಮನೆಯೊಡತಿ ಕೊಟ್ಟ ಹಳೆಯ ಬರಹದಲ್ಲಿ ಗ್ಯಾಸ್ ಮಾರ್ಕ್ 4 ಎಂದಿದೆ, ಅರ್ಧ ಪೈಂಟ್ ಹಾಲು ಎಂದಿದೆ. ಇದು ಎಷ್ಟು?
(ಶಿವಮೊಗ್ಗದಿಂದ ಓದುಗರೊಬ್ಬರು)

ಉತ್ತರ: ಗ್ಯಾಸ್ ಮಾರ್ಕ್ 4 ಎಂದರೆ 180 ಡಿಗ್ರಿ ಸೆಲ್ಸಿಯಸ್, ಫ್ಯಾನ್ ಇರುವ ಓವನ್ ಆದರೆ 160. ಬ್ರಿಟನ್ನಿನ ಪೈಂಟ್ 568 ಮಿಲಿಲೀಟರ್, ಆದ್ದರಿಂದ ಅರ್ಧಕ್ಕೆ 284. ಅಮೆರಿಕದ ಪೈಂಟ್ 473 ಮಿಲಿಲೀಟರ್ ಮಾತ್ರ, ಅಂತರ್ಜಾಲದ ಕೋಷ್ಟಕ ನೋಡುವಾಗ ಯಾವ ದೇಶದ್ದೆಂದು ಗಮನಿಸಿ.

ಪ್ರಶ್ನೆ: ಡೆವನ್‌ನಲ್ಲಿ ಸ್ಕೋನಿನ ಮೇಲೆ ಹಾಕಿಕೊಡುತ್ತಿದ್ದ ಕ್ಲಾಟೆಡ್ ಕ್ರೀಮನ್ನು ಊರಿನಲ್ಲಿ ಮಾಡಲು ಸಾಧ್ಯವೇ? ಅಂಗಡಿಯ ಫ್ರೆಶ್ ಕ್ರೀಮ್ ಕಾಯಿಸಿ ನೋಡಿದೆ, ಏನೂ ಆಗಲಿಲ್ಲ.
(ಧಾರವಾಡದಿಂದ ಓದುಗರೊಬ್ಬರು)

ಉತ್ತರ: ಪೊಟ್ಟಣದ ಫ್ರೆಶ್ ಕ್ರೀಮಿನಲ್ಲಿ ಕೊಬ್ಬು ಸುಮಾರು ನೂರಕ್ಕೆ 25 ಮಾತ್ರ, ಮೇಲಾಗಿ ಅದರ ಕೊಬ್ಬಿನ ಕಣಗಳನ್ನು ಯಂತ್ರದಲ್ಲಿ ಒಡೆದು ಮೇಲೇಳದಂತೆ ಮಾಡಿರುತ್ತಾರೆ. ಕಾರ್ನ್‌ವಾಲಿನ ಕ್ಲಾಟೆಡ್ ಕ್ರೀಮಿನಲ್ಲಿ ಕೊಬ್ಬು ನೂರಕ್ಕೆ 55ಕ್ಕಿಂತ ಕಡಿಮೆ ಇರುವಂತಿಲ್ಲ. ನೀವಿರುವುದು ಎಮ್ಮೆಹಾಲಿನ ಸೀಮೆಯಲ್ಲಿ, ಪೊಟ್ಟಣಕ್ಕೆ ಕೈ ಹಾಕುವುದೇಕೆ? ಮನೆಗೆ ಬರುವ ಗಟ್ಟಿ ಎಮ್ಮೆಹಾಲನ್ನು ಕಾಯಿಸಿ, ಅಗಲವಾದ ಪಾತ್ರೆಯಲ್ಲಿ ಅಲುಗಿಸದೆ ತಣಿಸಿ, ರಾತ್ರಿ ಫ್ರಿಜ್ಜಿನಲ್ಲಿಟ್ಟು ಬೆಳಿಗ್ಗೆ ಕೆನೆ ತೆಗೆಯಿರಿ. ಮೂರು ನಾಲ್ಕು ದಿನದ ಕೆನೆ ಕೂಡಿದ ಮೇಲೆ, ಹುಳಿಯಾಗುವ ಮುನ್ನವೇ, ಎರಡು ಬೆರಳು ಆಳಕ್ಕೆ ಬರುವಂತೆ ಅಗಲವಾದ ಗಾಜಿನ ತಟ್ಟೆಗೆ ಸುರಿದು ಓವನ್ನಿನಲ್ಲಿ 80 ಡಿಗ್ರಿಯಲ್ಲಿ ಎಂಟರಿಂದ ಹನ್ನೆರಡು ಗಂಟೆ ಇಡಬೇಕು. ಕುದಿಯಲು ಬಿಟ್ಟರೆ ತುಪ್ಪವಾಗುತ್ತದೆ. ತೆಗೆದು ತಣಿಸಿ, ಎಂಟು ಗಂಟೆ ಫ್ರಿಜ್ಜಿನಲ್ಲಿಟ್ಟು, ಮೇಲಿನ ಹಳದಿ ಪದರವನ್ನು ದಪ್ಪಗೆ ಎತ್ತಿಕೊಳ್ಳಿ. ಅಡಿಯಲ್ಲಿ ಉಳಿದ ತೆಳು ಹಾಲನ್ನು ಚೆಲ್ಲಬೇಡಿ, ಸ್ಕೋನಿನ ಹಿಟ್ಟನ್ನು ಅದರಲ್ಲೇ ಕಲಸಿದರೆ ಬೇರೆ ಹಾಲು ಬೇಕಾಗುವುದಿಲ್ಲ.

ಇನ್ನು ಮೊದಲು ಜಾಮ್ ಹಚ್ಚಬೇಕೋ ಕೆನೆ ಹಚ್ಚಬೇಕೋ ಎಂಬ ಜಗಳದಲ್ಲಿ ಡೆವನ್‌ನವರು ಕೆನೆ ಮೊದಲು ಎನ್ನುತ್ತಾರೆ, ಕಾರ್ನ್‌ವಾಲಿನವರು ಜಾಮ್ ಮೊದಲು ಎನ್ನುತ್ತಾರೆ. ನೀವು ಡೆವನ್‌ನಲ್ಲಿದ್ದವರಾದ್ದರಿಂದ ನಿಮ್ಮ ಪಕ್ಷ ನನಗೆ ಗೊತ್ತು. ನಾನೂ ಕೆನೆ ಜಾರಿ ಬೀಳದಿರಲೆಂದು ಜಾಮನ್ನು ಮೇಲೆಯೇ ಇಡುತ್ತೇನೆ, ಅದೂ ಸ್ಟ್ರಾಬೆರಿಯದಲ್ಲ, ನೆಲ್ಲಿಕಾಯಿಯ ಮುರಬ್ಬವನ್ನು ಸಣ್ಣಗೆ ಕೊಚ್ಚಿ.